ಗೋಂಧಳಕ್ಕೆ ಗಿಟಾರು

ಹೊಸ ಬ್ಯಾಂಡು ಹುಡುಕುವುದು ನನ್ನ ಚಟ. ಪುಣೆಯ ಯಾವ ಕಾಲೇಜಿನ ಅಂಗಳದಲ್ಲಿ, ಯಾವ ಕೆಫೆಯ ಮೂಲೆಯಲ್ಲಿ ನಾಲ್ಕು ಹುಡುಗರು ಜನಪದ ಹಾಡಿಗೆ ಗಿಟಾರು ಜೋಡಿಸಿದರೂ ಐವತ್ತು ದಾಟಿದ ನಾನು ಮುಂದಿನ ಸಾಲಿನಲ್ಲಿ ಹಾಜರ್. ಕೇಳಿ ಸುಮ್ಮನಿದ್ದರೆ ತಿಂದದ್ದು ಅರಗುವುದಿಲ್ಲ. ಕಂಡಕಂಡವರಿಗೆಲ್ಲ ಶಿಫಾರಸು ಮಾಡಬೇಕು. ಒಮ್ಮೆ ತರಕಾರಿ ಮಾರುವವಳಿಗೂ ಫೋನಿನಲ್ಲಿ ಕೇಳಿಸಿದೆ. ಪಾಪ, ಆಕೆ ಕೊತ್ತಂಬರಿ ಪುಕ್ಕಟೆ ಕೊಟ್ಟು ಸಾಗಹಾಕಿದಳು. "ಈಕಿ ಕೈಯಾಗ ಸಿಕ್ಕರ ಮುಗೀತ್ರಿ, ಕಿವಿಯೊಳಗ ಹಾಡು ತುರುಕೇ ಬಿಡ್ತಾಳ," ಎಂದು ನನ್ನ ಗಂಡ ಮನೆಗೆ ಬಂದವರನ್ನು ಮೊದಲೇ ಎಚ್ಚರಿಸುತ್ತಾರೆ.

ಹೋದ ವರ್ಷ ಪುಣೆಯಂಚಿನ ಹಿಂಜವಾಡಿಯ ಹೊಸ ಫ್ಲ್ಯಾಟುಗಳ ಗಣಪತಿ ಪೆಂಡಾಲಿನಲ್ಲಿ ಒಂದು ತಂಡ ಸಿಕ್ಕಿತು. ನಾಲ್ವರೂ ಸಾಫ್ಟ್‌ವೇರ್ ಕಚೇರಿಯವರು, ಮರಾಠಿ ಮಾತಿನವರು. ಎಲೆಕ್ಟ್ರಿಕ್ ಗಿಟಾರಿನ ಜತೆಗೆ ಸಂಬಾಳ, ಅಂದರೆ ಮನೆಮನೆಗೆ ಬಂದು ದೇವಿಯ ಹಾಡು ಹಾಡುವ ಗೋಂಧಳಿಗರು ಬಾರಿಸುವ ಜೋಡಿ ಚರ್ಮವಾದ್ಯ. ಹಾಡುವ ಹುಡುಗಿ ಬಾರಾಮತಿ ಕಡೆಯ ಗೋಂಧಳಿಗರ ಮನೆಯವಳೇ. ಅವಳು ದೇವಿಯನ್ನು ಕರೆದಾಗ ನನ್ನ ಮೈ ಝುಂ ಎಂದಿತು.

ಕೆಲವು ತಿಂಗಳಲ್ಲೇ ಅಕ್ಕನ ಮಗನ ಮದುವೆಯಾಯಿತು. ಅವರ ಮನೆಯಲ್ಲಿ ಮದುವೆಯ ನಂತರ ಗೋಂಧಳ ಹಾಕಿಸಲೇಬೇಕು: ಕಲಶದ ಮುಂದೆ ಒಂದೊಂದು ಊರಿನ ದೇವರನ್ನೂ ಹೆಸರು ಹಿಡಿದು ಕರೆದು, ಹಾಡಿ ಕುಣಿಯುವ ಸೇವೆ. ಮನೆದೇವರನ್ನು ಕರೆಯದಿದ್ದರೆ ಸೇವೆ ಸಂದಂತಲ್ಲ, ಮದುವೆಯೂ ಮುಗಿದಂತಲ್ಲ. ಹರಕೆ ಅಕ್ಕನ ಅತ್ತೆಯದು. ಎಂಬತ್ತು ದಾಟಿದ ಅವರ ಎದುರು ಯಾರೂ ಚಕಾರ ಎತ್ತುವುದಿಲ್ಲ. ಬೆಳಗಾವಿಯಿಂದ ಬರಬೇಕಿದ್ದ ಗೋಂಧಳಿಗರು ಹುಷಾರಿಲ್ಲವೆಂದು ಫೋನ್ ಮಾಡಿದಾಗ ಅಕ್ಕ ಅಳುವುದೊಂದು ಬಾಕಿ.

"ಸುಮ್ನಿರು, ನನ್ನ ಹತ್ರ ಬ್ಯಾಂಡ್ ಅದ," ಎಂದೆ.

"ಏ, ನಿನ್ನ ಹುಚ್ಚು ನಮ್ಮತ್ತಿ ಮುಂದ ನಡಿಯೂದಿಲ್ಲವಾ!"

"ನಡೀಲಿಲ್ಲಂದ್ರ ನನ್ನ ಕಿವಿ ಹಿಂಡು."

ಬ್ಯಾಂಡಿನವರು ಒಪ್ಪಿದರು. ಯಾವ ಯಾವ ದೇವರನ್ನು ಕರೆಯಬೇಕೆಂದು ಹಾಡುವ ಹುಡುಗಿ ಕೇಳಿದಳು. ಆಫೀಸಿನ ಬಸ್ಸಿನಲ್ಲೇ ಪಟ್ಟಿ ಮಾಡಿ ಕಳಿಸಿಬಿಟ್ಟೆ. ಚಿಕ್ಕಂದಿನಿಂದ ಗೋಂಧಳ ಕೇಳಿ ಬೆಳೆದ ನನಗೆ ಬಾಯಿಪಾಠವಲ್ಲವೇ!

ಭಾನುವಾರ ಸಂಜೆ ಪುಣೆಯಲ್ಲೇ ಇರುವ ಅಕ್ಕನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಐದು ಕಬ್ಬು ಕಟ್ಟಿ, ಕಲಶ ಕೂಡಿಸಿ, ದೀವಟಿಗೆ ಹಚ್ಚಿದೆವು. ಗಿಟಾರು ಕಂಡು ಅಕ್ಕನ ಅತ್ತೆ ಹುಬ್ಬು ಗಂಟಿಕ್ಕಿದರು. ಸಂಬಾಳ ಗುಡುಗಿದ್ದೇ ತಡ, ಅವರ ಕಾಲ್ಬೆರಳು ತಾಳ ಹಾಕತೊಡಗಿತು. ಗೆದ್ದೆ ಅಂದುಕೊಂಡೆ. ತುಳಜಾಪುರದ ಭವಾನಿ ಬಂದಳು, ಕೊಲ್ಹಾಪುರದ ಮಹಾಲಕ್ಷ್ಮಿ ಬಂದಳು, ಜೇಜುರಿಯ ಖಂಡೋಬಾ ಬಂದ, ಬಾದಾಮಿಯ ಬನಶಂಕರಿಯೂ ಬಂದಳು. ಅಲ್ಲಿಗೆ ಪಟ್ಟಿ ಮುಗಿಯಿತು.

"ನಮ್ಮ ಸವದತ್ತಿ ಎಲ್ಲಮ್ಮ ಎಲ್ಲಿ?" ಅತ್ತೆ ಕೇಳಿದರು.

ಆಗಲೇ ನನಗೆ ಹೊಳೆದದ್ದು. ಬನಶಂಕರಿ ನನ್ನ ಮತ್ತು ಅಕ್ಕನ ತವರಿನ ದೇವರು. ಅಕ್ಕನ ಗಂಡನ ಮನೆಯ ಸೇವೆಗೆ ನಮ್ಮಪ್ಪನ ಮನೆಯ ಪಟ್ಟಿ ಕೊಟ್ಟಿದ್ದೆ! ಓಡಿ ಹೋಗಿ ಹುಡುಗಿಯ ಕಿವಿಯಲ್ಲಿ ಹೇಳಿದೆ. ಅವಳು ಒಂದು ಚೂರೂ ಗಾಬರಿಯಾಗದೆ ಎಲ್ಲಮ್ಮನನ್ನು ಮೂರು ಸಲ ಕರೆದಳು. ಅತ್ತೆ ಕೈಮುಗಿದು ಎದ್ದು ನಿಂತರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

"ತಪ್ಪಾತ್ರಿ," ಎಂದೆ. "ನಮ್ಮ ತವರುಮನಿ ಪಟ್ಟಿ ಕೊಟ್ಟಬಿಟ್ಟೆ."

"ಸೇವಾ ಮುಗೀತೇನ್ರಿ ಅತ್ತಿ?" ಅಕ್ಕ ಮೆಲ್ಲಗೆ ಕೇಳಿದಳು.

"ಇನ್ನೂ ಇಲ್ಲ, ತಡಿ." ಅತ್ತೆ ನೇರ ಮೈಕಿನ ಹತ್ತಿರ ನಡೆದರು. "ಸೊಸಿ ತವರಿನ ಬನಶಂಕರಿ ಒಳಗ ಬಂದು ಕುಂತಾಳಂದ ಮ್ಯಾಲೆ ನನ್ನ ತವರಿನ ದ್ಯಾಮವ್ವ ಹೊರಗ್ಯಾಕ ನಿಲ್ಲಬೇಕು? ಅರವತ್ತು ವರ್ಷ ಆತು, ಈ ಮನ್ಯಾಗ ಆಕೀನ್ನ ಒಬ್ಬರೂ ಕರದಿಲ್ಲ."

ಕನ್ನಡ ಬಾರದ ಹುಡುಗಿಗೆ ನಾನು ಮರಾಠಿಯಲ್ಲಿ ತಿಳಿಸಿದೆ. ಅವಳು ಅತ್ತೆಯ ಕೈ ಹಿಡಿದು ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಗಿಟಾರು, ಸಂಬಾಳ ಒಟ್ಟಿಗೆ ಎದ್ದವು. ದ್ಯಾಮವ್ವ ಬಾ ಎಂದು ಅವಳು ಗಂಟಲು ಹರಿಯುವಂತೆ ಕರೆದಳು. ಅತ್ತೆಯ ಕಣ್ಣಲ್ಲಿ ನೀರು. ನಾನು ಅಳುತ್ತಲೇ ನಗುತ್ತಿದ್ದೆ, ಅಷ್ಟು ಸಂತೋಷ.

"ಈಗ ಮುಗೀತು ನೋಡವಾ ಮದವಿ," ಎಂದರು ಅತ್ತೆ, ಅಕ್ಕನಿಗೆ.