ನಕ್ಷೆಯಲ್ಲಿ ಹಳದಿ, ನೆಲದಲ್ಲಿ ಟೀ

ಗೆಳೆಯರೇ, ಈ ಕಾನೂನು ಯಾರಿಗಾದರೂ ಅರ್ಥವಾಗಿದ್ದರೆ ನನಗೂ ತಿಳಿಸಿ.

ನಗರಸಭೆಯ ನಕ್ಷೆಯಲ್ಲಿ ನಮ್ಮ ಸೋದರತ್ತೆಯ ತುಂಡು ಟೀ ತೋಟಕ್ಕೆ ಹಳದಿ ಬಣ್ಣ ಬಳಿದಿದ್ದಾರೆ. ಹಳದಿ ಎಂದರೆ ಮನೆ ಕಟ್ಟುವ ಜಾಗ. ಬಾಣಂತನಕ್ಕೆ ಬರುವ ಮಗಳಿಗೆ ಅಲ್ಲೊಂದು ಕೋಣೆ ಕಟ್ಟಿಸಬೇಕೆಂಬುದು ಅತ್ತೆಯ ಆಸೆ. ಸ್ಥಳೀಯ ಆಡಳಿತದ ಮಾತೇ ಕೊನೆಯದು ಎಂದು ನಮ್ಮ ಸಂಘದ ಕರಪತ್ರದಲ್ಲಿ ಓದಿದ್ದ ನಾನೇ ಧೈರ್ಯ ಹೇಳಿ, ಹೋದ ವಾರ ಗಿಡಗಳನ್ನು ಕೀಳಿಸಿದ್ದೆ.

ಇಂದು ಅನುಮತಿ ಕೇಳಲು ಅತ್ತೆಯೂ ನಾನೂ ನಗರಸಭೆ ಕಚೇರಿಗೆ ಹೋದೆವು. ಗುಮಾಸ್ತರು ನಕ್ಷೆ ನೋಡಿ, "ಹಳದಿ ಸರಿ ತಂಬಿ. ಆದ್ರೆ ಇದು ನೀಲಗಿರಿ ಜಿಲ್ಲೆ. ನಮ್ಮ ನಕ್ಷೆ ಮೇಲೆ ಸರ್ಕಾರದ ಕಾನೂನಿದೆ. ಇಂಥ ಇಳಿಜಾರಿಗೆ ಕಲೆಕ್ಟರ್ ಕಮಿಟಿ ಒಪ್ಪಲ್ಲ" ಎಂದರು.

"ಮತ್ತೆ ಹಳದಿ ಯಾಕೆ ಸಾರ್?"

"ಅವರು ಒಪ್ಪಿದ್ರೆ ಕಟ್ಟಬಹುದು ಅಂತ."

"ಜನ ಆರಿಸಿದ ನಗರಸಭೆ ದೊಡ್ಡದೋ, ಕಮಿಟಿ ದೊಡ್ಡದೋ?" ಎಂದು ಗುಡುಗಿದೆ.

"ಬೆಟ್ಟ ದೊಡ್ಡದು ತಂಬಿ. ಮಳೇಲಿ ಜಾರುತ್ತೆ."

ಕೈಯಲ್ಲಿದ್ದ ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು: "ಕಿತ್ತ ಗಿಡ ತಿರುಗ ನೆಡೋದು ಹೆಂಗೆ ಅಂತ ಆ ಕರಪತ್ರದಲ್ಲಿ ಬರ್ದವ್ರಾ ಮಗಾ?"

ನಾಳೆ ಗುದ್ದಲಿ ಹಿಡಿದು ಹೋಗುತ್ತಿದ್ದೇನೆ. ಹಳದಿ ಜಾಗದಲ್ಲಿ ಟೀ ನೆಡಲು ಯಾರ ಅನುಮತಿ ಬೇಕೋ, ಅದೂ ಗೊತ್ತಿಲ್ಲ.