ಸುಣ್ಣ ಬಳಿದ ಗುಂಡು

ಮೊಮ್ಮಗಳ ಕೆಲಸ ಹಾಳು ಮಾಡಿದವರು ನಮ್ಮ ಯಜಮಾನರು. ಭಕ್ತಿಯಿಂದ ಮಾಡಿದರು. ಆದರೂ ಹಾಳು ಹಾಳೇ.

ಜಡಿಗೇನಹಳ್ಳಿ ಕಡೆ ನಮ್ಮ ರಾಗಿ ಹೊಲದ ತುದಿಗೆ ಒಂದು ಗುಟ್ಟೆ ಇದೆ, ಬರೀ ಬಂಡೆಗಳ ಚಿಕ್ಕ ಗುಡ್ಡ. ಅದರ ಬುಡದಲ್ಲಿ ಎತ್ತು ಮಲಗಿದಂಗೆ ಒಂದು ದೊಡ್ಡ ಕಲ್ಲುಗುಂಡು. ಗುಂಡಿನ ಬಡಗಣ ಮೈಯಲ್ಲಿ, ಬಿಸಿಲು ತಾಗದ ಕಡೆ, ಅಂಗೈಯಗಲ ಒಂದು ಕಲೆ ಇತ್ತು. ಬೂದಿ ಬಣ್ಣ, ಅಂಚಿಗೆ ಅರಿಸಿನ, ಮೇಲೆ ಸಾಸಿವೆ ಚೆಲ್ಲಿದಂಗೆ ಕರಿ ಚುಕ್ಕೆ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೆ. ಕಲ್ಲಿಗೆ ತೊನ್ನು ಅಂದುಕೊಂಡಿದ್ದೆ.

ಮೊಮ್ಮಗಳು ಕಾಲೇಜಿನಲ್ಲಿ ಕಲ್ಲುಹೂವಿನ ಮೇಲೆ ಓದುತ್ತಾಳೆ. ಮಸಾಲೆಗೆ ಹಾಕ್ತೀವಲ್ಲ, ಅದರ ನಂಟರೆಲ್ಲ. ರಜಕ್ಕೆ ಬಂದವಳು ಆ ಕಲೆಯ ಮುಂದೆ ಮಂಡಿಯೂರಿ ಕೂತು, ಉಗುರಷ್ಟು ಕೆರೆದುಕೊಂಡು ಹೋದಳು. ಮುಂದಿನ ಸಲ ಬಂದಾಗ ಮುಖ ಅರಳಿತ್ತು.

"ಅಜ್ಜಿ, ಇದು ಹೊಸ ಜಾತಿ."

"ನಾನು ಬರೋಕ್ ಮುಂಚಿಂದ ಐತೆ. ಹೊಸದು ಹೆಂಗಾಯ್ತದೆ?"

"ಇರೋದು ಹಳೇದೇ. ಯಾರೂ ಹೆಸರಿಟ್ಟಿಲ್ಲ ಅಷ್ಟೇ."

ಹೆಸರಿಡೋಕೆ ಅದು ಹೆಂಗಿದೆ ಅಂತ ಪೂರ್ತಿ ಬರೆಯಬೇಕಂತೆ. ಅದರ ಒಂದು ತುಂಡನ್ನ ಯಾರು ಬೇಕಾದರೂ ತೆಗೆದು ನೋಡೋ ಹಾಗೆ ಜೋಪಾನವಾಗಿ ಇಡಬೇಕಂತೆ. ಮೊದಲು ಒಯ್ದ ಚೂರು ಪರೀಕ್ಷೆಗೇ ಮುಗಿದುಹೋಗಿತ್ತು. ಸುತ್ತಲ ಗುಂಡೆಲ್ಲ ಹುಡುಕಿದಳು, ಇನ್ನೆಲ್ಲೂ ಸಿಗಲಿಲ್ಲ. ಇರೋದು ಅಷ್ಟೇ, ಬೆಳೆಯೋದೂ ಬಲು ನಿಧಾನ. ತಾನೇ ಕತ್ತರಿಸೋಕೆ ಹೆದರಿ, ಪಾಠ ಹೇಳೋ ಮೇಡಂನ ಕರ್ಕೊಂಡು ಬರ್ತೀನಿ ಅಂದಳು. ಹೊರಡುವಾಗ ತಾತನ ಕೈ ಹಿಡಿದುಕೊಂಡಳು.

"ತಾತ, ನಾವು ಬರೋವರ್ಗೂ ಈ ಗುಂಡನ್ನ ದೇವ್ರಂಗೆ ನೋಡ್ಕೋ."

"ಆಯ್ತು ಕಣವ್ವ."

ಯಜಮಾನರಿಗೆ ಕಣ್ಣು ಮಂಜು. ಆ ಕಲೆ ಅವರಿಗೆ ಕಂಡೇ ಇರಲಿಲ್ಲ. ಗುಂಡು ನೋಡ್ಕೋ ಅಂದಳು, ಅವರು ಗುಂಡು ನೋಡಿಕೊಂಡರು. ಮೇಕೆ ಅಟ್ಟಿದರು, ಒರಗಿ ಬೀಡಿ ಸೇದೋರನ್ನ ಬೈದು ಎಬ್ಬಿಸಿದರು. ಆ ಕಡೆ ಬದುವಿನಲ್ಲಿ ನಮ್ಮ ಮುನೇಶ್ವರನ ಕಲ್ಲಿದೆ. ವರ್ಷಕ್ಕೊಮ್ಮೆ ಪೂಜೆಗೆ ಮುಂಚೆ ಅದನ್ನ ಉಜ್ಜಿ ತೊಳೆದು, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೀತಾರೆ. ನಮ್ಮಲ್ಲಿ ದೇವರನ್ನ ನೋಡಿಕೊಳ್ಳೋದು ಅಂದರೆ ಅದೇ.

ಮೇಡಂ ಬರೋ ದಿನ ನಾನು ಮನೇಲಿ ಮುದ್ದೆ, ಅವರೆಕಾಳು ಸಾರು ಅಂತ ಒಲೆ ಮುಂದೆ ಇದ್ದೆ. ಇವರು ಬೆಳಗ್ಗೆಯೇ ಬಕೆಟ್ಟು, ತೆಂಗಿನ ನಾರು, ತಂತಿ ಬ್ರಷ್ಷು ತಗೊಂಡು ಹೋದದ್ದು ನನಗೆ ಗೊತ್ತಾಗಲಿಲ್ಲ. ಅವರಿಬ್ಬರು ಬಸ್ಸಿಳಿದು ಬಂದಾಗ ಎಲ್ಲರೂ ಹೊಲಕ್ಕೆ ಹೊರಟೆವು. ಇವರು ಮುಂದೆ ಮುಂದೆ, ಮದುವೆ ಗಂಡಿನ ತಂದೆ ಹಾಗೆ.

ಗುಂಡು ಬೆಳ್ಳಗೆ ಹೊಳೀತಿತ್ತು. ಮೇಲೆ ಕೆಂಪು ಪಟ್ಟೆ, ನಡುವೆ ಕುಂಕುಮ.

ಮೊಮ್ಮಗಳು ಬಡಗಣ ಕಡೆ ಹೋಗಿ ಕೂತಳು. ಹಸಿ ಸುಣ್ಣವನ್ನ ಉಗುರಿನಿಂದ ಕೆರೆದಳು. ಒಳಗೆ ಬರೀ ಕಲ್ಲು.

"ತಾತ, ಇಲ್ಲಿ ಏನೋ ಅಂಟ್ಕೊಂಡಿತ್ತಲ್ಲ?"

"ಕೊಳೆ ತಾನೆ? ಕೈಗೆ ಒರಟಾಗಿ ಸಿಕ್ತು, ತಂತಿ ಬ್ರಷ್ಷಲ್ಲಿ ಉಜ್ಜಿ ತೆಗ್ದೆ ಕಣವ್ವ. ಒಂದ್ ಚೂರೂ ಬಿಟ್ಟಿಲ್ಲ."

ಮೇಡಂ ಆ ಕಡೆ ತಿರುಗಿ ನಿಂತರು. ಬುಡದ ಮಣ್ಣೂ ಸುಣ್ಣದ ನೀರಿಗೆ ಬೆಳ್ಳಗಾಗಿತ್ತು, ಅದರಲ್ಲಿ ಆರಿಸೋಕೆ ಏನೂ ಇರಲಿಲ್ಲ. ಮೊಮ್ಮಗಳು ಎದ್ದು ಲಂಗದ ಮಣ್ಣು ಕೊಡವಿದಳು.

"ಚೆನ್ನಾಗಿ ಕಾಣ್ತದೆ ತಾತ," ಅಂದಳು.

ಬೈದಿದ್ದರೆ ಪರವಾಗಿರಲಿಲ್ಲ.

ಮೇಡಂ ಎರಡು ತುತ್ತು ತಿಂದು ವಾಪಸ್ಸು ಹೋದರು. ಮೊಮ್ಮಗಳು ತಟ್ಟೆ ಮುಟ್ಟದೆ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಇವರು ಜಗಲಿ ಮೇಲಿಂದ ಕೇಳಿದರು. "ಲೇ, ಮಗು ಯಾಕೆ ಉಣ್ಲಿಲ್ಲ?"

ಮುಚ್ಚಿಡೋದು ನನಗೆ ಬರಲ್ಲ. ಹೇಳಿಬಿಟ್ಟೆ. ಅವಳು ಹುಡುಕಿಕೊಂಡು ಬಂದದ್ದೇ ಆ ಕೊಳೆ ಅಂದೆ. ಇವರು ಉಗುರು ಸಂದಿನ ಸುಣ್ಣ ನೋಡಿಕೊಂಡರು. ಆಮೇಲೆ ಕೈಗಳನ್ನ ಪಂಚೆಯೊಳಗೆ ಇಟ್ಟುಕೊಂಡು ಕೂತುಬಿಟ್ಟರು, ಬೇರೆಯವರ ಮನೆ ಜಗಲಿ ಮೇಲೆ ಕೂತ ಹಾಗೆ. ಅವರ ತಟ್ಟೆಯೂ ಹಾಗೇ ಉಳೀತು.

ಮಾರನೇ ಬೆಳಗ್ಗೆ ಬೆಳಕು ಹರಿದ ಮೇಲೆ ಗುಟ್ಟೆಯ ಹಿಂದಿನ ಸಂದಿಗೆ ಹೋದೆ. ಹಿಂದೆ ಹೆಂಗಸರು ಚೊಂಬು ಹಿಡಿದು ಹೋಗುತ್ತಿದ್ದ ಜಾಗ. ಮನೆಮನೆಗೆ ಕಕ್ಕಸು ಆದ ಮೇಲೆ ಅಲ್ಲಿಗೆ ಯಾರೂ ಹೋಗಲ್ಲ, ಮೊಮ್ಮಗಳೂ ಹೋಗಿರಲಿಲ್ಲ. ಲಂಟಾನ ಸರಿಸಿ ಒಂದೊಂದೇ ಕಲ್ಲಿನ ಬಡಗಣ ಮೈ ನೋಡಿದೆ. ಬೂದಿ ಬಣ್ಣ ಬೇಕಾದಷ್ಟಿತ್ತು. ಅರಿಸಿನದ ಅಂಚು ಎಲ್ಲೂ ಇರಲಿಲ್ಲ. ಹಸು ಕೂಗಿತು. ಬಂದು ಹಾಲು ಕರೆದೆ.