ತಿರುವಿನಲ್ಲಿ ಕೇಳುತ್ತಿದ್ದ ಟಕ್ ಟಕ್

ಗೇರ್ ಎಣ್ಣೆಯ ವಾಸನೆಯನ್ನು ಯಾರೂ ಒಳ್ಳೆಯ ವಾಸನೆ ಎನ್ನುವುದಿಲ್ಲ. ಗಂಧಕ, ಸುಟ್ಟ ಕಬ್ಬಿಣ, ಹಳೆಯ ಕೊಳೆ ಎಲ್ಲ ಸೇರಿದ ಘಾಟು ಅದು. ಹೋದ ವಾರ ಗಂಗಾವತಿಯ ಗ್ಯಾರೇಜಿನಲ್ಲಿ ಅಪ್ಪನ ಹಳೆಯ ಜೀಪಿನ ಹಿಂದಿನ ಎಕ್ಸಲ್ ಬಿಚ್ಚಿ ಆ ಎಣ್ಣೆಯನ್ನು ಡಬ್ಬಿಗೆ ಸುರಿದಾಗ ನೀಲಾ ವೇಲಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅಲ್ಲೇ ಬಗ್ಗಿ ನಿಂತೆ. ಆ ಘಾಟಿನೊಳಗೆ ನನಗೆ ಔಡಲೆಣ್ಣೆ, ಕುಂಕುಮ, ನಮ್ಮ ದನದ ಕೊಟ್ಟಿಗೆಯ ಹಸಿ ನೆಲ ಎಲ್ಲವೂ ಇದ್ದವು. ನೀಲಾ ನನ್ನ ಸೋದರತ್ತೆ ಗಿರಿಜತ್ತೆಯ ಮಗಳು. ಜೀಪು ಈಗ ಅವಳದು. ಅವಳು ಹುಟ್ಟುವ ಮೊದಲು, ಅವಳಿಗಾಗಿಯೇ, ಆ ಎಕ್ಸಲ್ಲಿನ ಹೊಟ್ಟೆಯೊಳಗೆ ಎರಡೂ ಗಾಲಿಗಳನ್ನು ಜೋಡಿಯಾಗಿ ತಿರುಗಿಸುವ ಒಂದು ಲಾಕ್ ಕೂಡಿಸಿದ್ದರು ಎಂಬುದು ಅವಳಿಗೆ ಗೊತ್ತು. ಆ ದಿನಗಳ ಅಂಜಿಕೆ ಗೊತ್ತಿಲ್ಲ. ಅದನ್ನು ಬಲ್ಲವಳು ಇನ್ನು ನಾನೊಬ್ಬಳೇ, ಅದೂ ಹುಟ್ಟಾ ಅಂಜುಬುರುಕಿ.

ಕುಷ್ಟಗಿಗೆ ಹೋಗುವ ಡಾಂಬರು ರಸ್ತೆಗೂ ನಮ್ಮೂರಿಗೂ ನಡುವೆ ಒಂದು ಹಳ್ಳವಿತ್ತು. ವರ್ಷವಿಡೀ ಒಣಗಿ ಬಿದ್ದಿರುತ್ತಿದ್ದ ಅದು ಒಂದು ಮಳೆ ಬಂತೆಂದರೆ ಎರೆಮಣ್ಣಿನ ರಾಡಿ ತುಂಬಿಕೊಂಡು ಕೂರುತ್ತಿತ್ತು. ಚೊಚ್ಚಲ ಹೆರಿಗೆಯ ನೋವಿನಲ್ಲಿದ್ದ ಗಿರಿಜತ್ತೆಯನ್ನು ಆಸ್ಪತ್ರೆಗೆ ಒಯ್ಯುವಾಗ ಅಪ್ಪ ಓಡಿಸುತ್ತಿದ್ದ ಜೀಪು ಅಲ್ಲೇ ಸಿಕ್ಕಿಬಿತ್ತು. ಅದರಲ್ಲಿ ಎಳೆಯುವವು ಹಿಂದಿನ ಎರಡು ಗಾಲಿಗಳಷ್ಟೆ. ಒಂದು ಗಾಲಿ ರಾಡಿಯಲ್ಲಿ ಗಿರಗಿರನೆ ತಿರುಗಿತು, ಗಟ್ಟಿ ನೆಲದ ಮೇಲಿದ್ದ ಇನ್ನೊಂದು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ನಿಂತಿತು. ಎತ್ತು ತಂದು ಎಳೆಸುವಷ್ಟರಲ್ಲಿ ತಡವಾಗಿತ್ತು. ಕೂಸು ಉಳಿಯಲಿಲ್ಲ. ಅಪ್ಪನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಎರಡು ವರ್ಷಕ್ಕೆ ಅತ್ತೆ ಮತ್ತೆ ತುಂಬು ಬಸುರಿಯಾಗಿ ತವರಿಗೆ ಬಂದಳು. ಮೊದಲೇ ಪಟ್ಟಣದಲ್ಲಿ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪಟ್ಟಣದಲ್ಲಿ ನಮ್ಮವರು ಯಾರಿದ್ದರು? ಅಪ್ಪ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಹೋಗಿ ಮೋಡ ನೋಡಿ ಬರುತ್ತಿದ್ದ.

ಕುಕನೂರಿನ ಹುಸೇನಸಾಬ ಮೇಸ್ತ್ರಿ ಎಲ್ಲಿಯದೋ ಗುಜರಿಯಿಂದ ಆ ಲಾಕ್ ಹುಡುಕಿ ತಂದ. "ಇದು ಕುಂತ್ರ ಒಂದು ಗಾಲಿ ಜಾರಿದ್ರೂ ಎರಡೂ ಜೋಡೀಲೆ ತಿರಗತಾವ್ರಿ ಗೌಡ್ರ," ಎಂದ. ದನಗಳನ್ನು ಹೊರಗೆ ಕಟ್ಟಿ ಕೊಟ್ಟಿಗೆಯಲ್ಲಿ ಜೀಪು ನಿಲ್ಲಿಸಿದರು. ಎಕ್ಸಲ್ಲಿನೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವಿರುತ್ತದೆ. ಅದನ್ನು ಲಾಕಿನ ಮೇಲೆ ಬಿಗಿದು ಮತ್ತೆ ಒಳಗೆ ಕೂಡಿಸಬೇಕು. ಅದರ ಹಲ್ಲು ಎದುರಿನ ಚಿಕ್ಕ ಚಕ್ರದ ಹಲ್ಲಿಗೆ ನಟ್ಟನಡುವೆ ತಾಗಬೇಕು, ಕೂದಲೆಳೆಯಷ್ಟು ಅತ್ತಿತ್ತಾದರೂ ಮುರಿಯುತ್ತದೆ. ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಗುರುತು ಎಲ್ಲಿ ಬಿತ್ತೆಂದು ನೋಡಿಯೇ ಅದನ್ನು ತಿಳಿಯುವುದು. ಮೇಸ್ತ್ರಿ ಎಲ್ಲ ತಂದಿದ್ದ, ಬಣ್ಣದ ಡಬ್ಬಿಯೊಂದನ್ನು ಕುಕನೂರಿನಲ್ಲೇ ಮರೆತು ಬಂದಿದ್ದ. ಸಂಜೆಯ ಬಸ್ಸು ಹೋಗಿತ್ತು, ಮೂಡಲಿಗೆ ಮೋಡ ಕಟ್ಟಿತ್ತು. ಅವನು ತಲೆ ತುರಿಸಿಕೊಳ್ಳುತ್ತ, "ಎಣ್ಣ್ಯಾಗ ಕಲಸಿದ್ರ ಕುಂಕುಮಾನೂ ನಡೀತೈತ್ರಿ," ಎಂದ.

ಅಜ್ಜಿ ಉರಿದೆದ್ದಳು. "ತುಂಬಿದ ಬಸುರಿ ಇರೋ ಮನಿ ಇದು. ದೀಪ ಹಚ್ಚೋ ಹೊತ್ತಿಗೆ ಕುಂಕುಮದ ಭರಣಿ ಹೊಸ್ತಿಲ ದಾಟಬಾರ್ದು. ಕಬ್ಬಣಕ್ಕ ಹಚ್ಚತೀರೇನು ಮುತ್ತೈದಿ ಕುಂಕುಮ?" ಅಪ್ಪ ತಲೆ ತಗ್ಗಿಸಿ ನಿಂತ. ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದುವಂಥ ಸ್ಥಿತಿ ಅವನದು. ತಾಯಿಯ ಮಾತು ಮೀರಿ ಏನಾದರೂ ಆದರೆ? ಆಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಎದ್ದು, ತನ್ನ ಭರಣಿಯನ್ನು ತಾನೇ ತಂದಳು. "ಹೋದಸಲ ಹೊಸ್ತಿಲ ದಾಟಿಸಿರಲಿಲ್ಲಲ್ಲಬೇ ಅವ್ವಾ. ಏನ ಉಳೀತು?" ಎಂದಳು. ಔಡಲೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೇಸ್ತ್ರಿ ಹಲ್ಲಿಗೆ ಸವರಿ ತಿರುಗಿಸಿದ. ಮೊದಲ ಸಲ ಗುರುತು ಅಂಚಿಗೆ ಬಿತ್ತು. ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆ ಸೇರಿಸಿ, ತೆಗೆದು, ಮತ್ತೆ ಸೇರಿಸಿ ನೋಡಿದ. ಮೂರನೆಯ ಸಲಕ್ಕೆ ಕೆಂಪು ಗುರುತು ಹಲ್ಲಿನ ನಟ್ಟನಡುವೆ ಬಿತ್ತು. "ಹಣಿಗೆ ಇಟ್ಟಂಗ ಆತ ನೋಡವ್ವಾ," ಎಂದು ಅತ್ತೆಯನ್ನೇ ಕರೆದು ತೋರಿಸಿದ.

ಮರುದಿನ ಜೀಪು ತಿರುವಿದ ಕೂಡಲೇ ಹಿಂದಿನಿಂದ ಟಕ್ ಟಕ್ ಟಕ್ ಎಂದು ಸದ್ದು ಬಂತು. ಅಪ್ಪ ಗಕ್ಕನೆ ಜೀಪು ನಿಲ್ಲಿಸಿದ. ಮೇಸ್ತ್ರಿ ನಕ್ಕ. "ತಿರುವಿನ್ಯಾಗ ಬಡಕೊಂಡ್ರ ಬದುಕೈತಿ ಅನ್ರಿ. ಸುಮ್ಮನಾತಂದ್ರ ಅಂಜ್ರಿ." ಐದಾರು ದಿನಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ, ಮಳೆಯೂ ಅತ್ತೆಯ ನೋವೂ ಕೂಡಿಯೇ ಬಂದವು. ಅತ್ತೆ ಹಿಡಿದ ನನ್ನ ಕೈ ಬಿಡಲಿಲ್ಲ, ಹಾಗಾಗಿ ಇನ್ನೂ ಚಿಕ್ಕ ಹುಡುಗಿಯಾಗಿದ್ದ ನನ್ನನ್ನೂ ಜೀಪಿಗೆ ಹಾಕಿಕೊಂಡರು. ಹಳ್ಳದ ನಡುವೆ ಬಲಗಡೆಯ ಹಿಂಗಾಲಿ ಹೂತು ಜೀಪು ವಾಲಿತು. ಆ ಗಿರಗಿರ ಸದ್ದಿಗೆ ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಬರಲಿಲ್ಲ. ಜೀಪು ನಡುಗಿತು, ನಿಂತಿತು, ಆಮೇಲೆ ಎರಡೂ ಗಾಲಿ ಕಚ್ಚಿ, ಮುದಿ ಎತ್ತಿನ ಹಾಗೆ ಏದುತ್ತ ದಂಡೆ ಹತ್ತಿತು. ಡಾಂಬರು ರಸ್ತೆಗೆ ಹೊರಳುವಾಗ ಟಕ್ ಟಕ್ ಟಕ್ ಕೇಳಿತು. "ಬದುಕೈತಿ," ಎಂದ ಅಪ್ಪ, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು. ಸಂಜೆಗೆ ಕುಷ್ಟಗಿಯ ಆಸ್ಪತ್ರೆಯಲ್ಲಿ ನೀಲಾ ಅತ್ತಳು.

ಆಮೇಲೆ ಆ ಸದ್ದು ನಮ್ಮ ಮನೆಯದೇ ಆಯಿತು. ಬೇವಿನಮರದ ತಿರುವಿನಲ್ಲಿ ಟಕ್ ಟಕ್ ಕೇಳಿದರೆ ಅಜ್ಜಿ ರೊಟ್ಟಿಯ ಹಂಚು ಒಲೆಗೇರಿಸುತ್ತಿದ್ದಳು. ಕುಂಕುಮ ಕೊಡಲೊಲ್ಲೆನೆಂದವಳೇ ಪ್ರತಿ ಅಮಾವಾಸ್ಯೆಗೆ ಬಗ್ಗಿ ಎಕ್ಸಲ್ಲಿಗೆ ಕುಂಕುಮ ಹಚ್ಚುತ್ತಿದ್ದಳು. ನಿಮ್ಮ ಮನೆಗೂ ಇಂಥದೊಂದು ಸದ್ದು ಇದ್ದೀತು, ಅದು ಕೇಳುವವರೆಗೆ ಯಾರೂ ಉಣ್ಣಲು ಕೂರದಂಥದು. ಅಜ್ಜಿ ಹೋದಳು, ಅಪ್ಪ ಹೋದ, ಹೋದ ವರ್ಷ ಗಿರಿಜತ್ತೆಯೂ ಹೋದಳು. ಕೊಟ್ಟಿಗೆಯಿದ್ದಲ್ಲಿ ಈಗ ಬೇರೆಯವರ ಮನೆಯಿದೆ.

ಹಳೆಯ ಲಾಕಿನ ಹಲ್ಲು ಸವೆದುಹೋಗಿತ್ತು. ನೀಲಾಳಿಗೆ ದಾಳಿಂಬೆ ತೋಟದ ದಾರಿಗೆ ಲಾಕ್ ಬೇಕೇ ಬೇಕು. ಗ್ಯಾರೇಜಿನ ಮೇಸ್ತ್ರಿ ಹೊಸದನ್ನು ಕೂಡಿಸಿ, ಹಳದಿ ಬಣ್ಣ ಹಚ್ಚಿ, ಒಂದೇ ಸಲಕ್ಕೆ ಗುರುತು ನಡುವೆ ಬೀಳಿಸಿದ. "ಹೊಸದು ಸಪ್ಪಳಾನ ಮಾಡಂಗಿಲ್ರಿ ಅಕ್ಕಾರ," ಎಂದ ಹೆಮ್ಮೆಯಿಂದ. ಗೋಣಿಚೀಲದಲ್ಲಿ ಸುತ್ತಿದ ಹಳೆಯ ಲಾಕನ್ನು ತೊಡೆಯ ಮೇಲಿಟ್ಟುಕೊಂಡು ನಾನು ನೀಲಾಳ ಪಕ್ಕ ಕುಳಿತೆ. ಮೊದಲ ತಿರುವಿನಲ್ಲಿ ಜೀಪು ಒಂದಿಷ್ಟೂ ಸದ್ದಿಲ್ಲದೆ ಹೊರಳಿತು. ನಾನು ಮುಂದಿನ ಸರಳನ್ನು ಗಟ್ಟಿಯಾಗಿ ಹಿಡಿದೆ.

"ಯಾಕಕ್ಕಾ, ಅಂಜಿದೇನು?" ಎಂದಳು ನೀಲಾ.

"ಏನಿಲ್ಲ. ನೀ ಸಾವಕಾಶ ನಡಿ," ಎಂದೆ. ಕುಷ್ಟಗಿ ಮುಟ್ಟುವವರೆಗೆ ತಿರುವು ಬಂದಾಗಲೆಲ್ಲ ಉಸಿರು ಹಿಡಿದು ಆಲಿಸಿದೆ.